ತಲೆಗೊಂದು ಚೌಕಟ್ಟು

ಸಾಣೆಯಕ್ಕ ಎರಡನೆಯ ಸಲ ನನ್ನ ಅಂಗಡಿಗೆ ಬಂದದ್ದು ನನ್ನನ್ನು ಹೊಡೆಯಲಿಕ್ಕೆ. ಹೊಡೆದೂ ಹೊಡೆದಳು. ನಾನು ಬಗ್ಗಿಕೊಂಡು ಕಿಟಕಿಯ ಪಟ್ಟಿಗೆ ಉಳಿ ಹಾಕುತ್ತಿದ್ದೆ. ಬಾಗಿಲಲ್ಲಿ ನೆರಳಾಯಿತು, ತಲೆ ಎತ್ತುವಷ್ಟರಲ್ಲಿ ಖಾಲಿ ಜೇನುಪೆಟ್ಟಿಗೆಯೊಂದು ಹಾರಿಬಂದು ಭುಜಕ್ಕೆ ಬಡಿಯಿತು. ಆ ಭುಜ ಈಗಲೂ ಚಳಿಗಾಲದಲ್ಲಿ ಅವಳ ನೆನಪು ಮಾಡಿಕೊಡುತ್ತದೆ.

ನೋಡಿದರೆ ದಪ್ಪ ತೋಳಿನ ಹೆಂಗಸು, ಮುಖದ ಅರ್ಧ ಊದಿಕೊಂಡು ಒಂದು ಕಣ್ಣು ಮುಚ್ಚಿಹೋಗಿದೆ. ಎರಡು ತಿಂಗಳ ಹಿಂದೆ ನನ್ನಿಂದ ಪೆಟ್ಟಿಗೆ ಮಾಡಿಸಿಕೊಂಡು ಹೋದವಳು ಇವಳೇ ಎಂದು ಗುರುತು ಹಿಡಿಯಲು ಸ್ವಲ್ಪ ಹೊತ್ತು ಬೇಕಾಯಿತು.

"ನೀನೇನು ಬಡಗಿಯೋ, ಗಾರೆ ಕೆಲಸದೋನೋ? ಪೆಟ್ಟಿಗೆ ಮಾಡು ಅಂದ್ರೆ ಗೋಡೆ ಕಟ್ಟಿದ್ದೀಯಲ್ಲ!"

"ಒಂದು ಕೂದಲು ಹೋಗೋ ಸಂದಿ ಬಿಟ್ಟಿಲ್ಲ, ಅದಕ್ಕೆ ಹೊಡೀತೀರಾ?" ಎಂದೆ. ನಿಜ ಹೇಳಬೇಕೆಂದರೆ ಆ ಪೆಟ್ಟಿಗೆಯ ಬಗ್ಗೆ ನನಗೆ ಜಂಬವಿತ್ತು. ಹುಳಗಳು ಮೇಣದ ಎರಿ ಕಟ್ಟಲೆಂದು ಒಳಗೆ ಇಳಿಬಿಡುವ ಚೌಕಟ್ಟುಗಳು ಗೋಡೆಗೆ ಒತ್ತಿ ಕೂರುವಂತೆ ಮಾಡಿದ್ದೆ.

"ಅದಕ್ಕೇ ಹೊಡೆದದ್ದು" ಎಂದಳು. ನನ್ನ ಕಿವಿಗೆ ಸಿಕ್ಕಿಸಿಕೊಂಡಿದ್ದ ಪೆನ್ಸಿಲ್ ಕಿತ್ತುಕೊಂಡು ಕಣ್ಣೆದುರು ಹಿಡಿದಳು. "ಗೋಡೆಗೂ ಚೌಕಟ್ಟಿಗೂ ಮಧ್ಯೆ ಇದು ಹೋಗ್ಬೇಕು, ಬೆರಳು ಹೋಗ್ಬಾರದು. ಹುಳ ಓಡಾಡೋ ದಾರಿ ಅದು. ದಾರಿ ಇಲ್ಲ ಅಂದ್ರೆ ಅಂಟು ತುಂಬಿ ಮೆತ್ತಿಬಿಡ್ತವೆ. ಮುಚ್ಚಳ ತೆಗೆಯೋಕೆ ಹೋದ್ರೆ ಎರಿ ಹರಿದು ಬಂತು. ಮನೆ ಹರಿದ್ರೆ ಅವು ಸುಮ್ಮನಿರ್ತವಾ? ನನ್ನ ಮುಖ ನೋಡು!"

ಪೆನ್ಸಿಲನ್ನು ಜೇಬಿಗಿಳಿಸಿಕೊಂಡು ಹೊರಟುಹೋದಳು. ಮರುವಾರ ನಾನು ಪೆನ್ಸಿಲ್ ಹೋಗುವ ಸಂದಿ ಬಿಟ್ಟು ಹೊಸ ಪೆಟ್ಟಿಗೆ ಮಾಡಿ, ಹೊತ್ತುಕೊಂಡು ಅವಳ ಮನೆಗೆ ಹೋದೆ. ಹೆದರಿಕೆಯಿಂದಲ್ಲ, ಕೆಲಸ ಕೆಟ್ಟದ್ದು ನನಗೆ ನಿದ್ದೆ ಕೊಡಲಿಲ್ಲ. ಸ್ವಲ್ಪ ಹೆದರಿಕೆಯೂ ಇತ್ತೆನ್ನಿ.

ಸಾಣೆ ಹಿಡಿಯುವುದು ಅವಳ ಕಸುಬು. ಹಳೆಯ ಸೈಕಲ್ಲಿಗೆ ಸಾಣೆಕಲ್ಲಿನ ಚಕ್ರ ಕಟ್ಟಿಕೊಂಡು ಬೀದಿ ಬೀದಿ ಸುತ್ತುತ್ತಿದ್ದಳು. ಕಟುಕರ ಕತ್ತಿ, ಹೋಟೆಲಿನ ಚಾಕು, ದರ್ಜಿಗಳ ಕತ್ತರಿ, ಏನು ಕೊಟ್ಟರೂ ಬಲಗೈಯಲ್ಲಿ ಚಕ್ರಕ್ಕೆ ಒತ್ತಿ ಹಿಡಿದು ಕಿಡಿ ಹಾರಿಸುತ್ತಿದ್ದಳು. ಅಮ್ಮ ಹೋದಾಗ ತಮ್ಮನಿಗೆ ಇನ್ನೂ ಹಾಲುಹಲ್ಲು ಬಿದ್ದಿರಲಿಲ್ಲವಂತೆ. ಅವನನ್ನು ಸಾಕಿದ್ದು ಅದೇ ಕೈ. ಮದುವೆ ಯಾಕೆ ಆಗಲಿಲ್ಲ ಎಂದು ಯಾರಾದರೂ ಕೇಳಿದರೆ, "ನಂಗೊಂದು ಮಗು ಇದೆ, ಅದಕ್ಕೆ ಮೀಸೆ ಬೇರೆ ಬಂದಿದೆ" ಎನ್ನುತ್ತಿದ್ದಳು. ಜೇನು ಸಾಕುವುದನ್ನು ಅವನಿಗೆ ಕಲಿಸಿದ್ದೂ ಅವಳೇ. ಅವಳ ಹಿತ್ತಲಲ್ಲಿ ನಾಲ್ಕು ಪೆಟ್ಟಿಗೆಯಾದರೆ ಅವನು ಬರುಬರುತ್ತ ನಲವತ್ತಕ್ಕೆ ಏರಿಸಿದ, ಜೇನು ಮಾರಿಯೇ ಮನೆ ಕಟ್ಟಿದ. ತಮ್ಮ ಎಂದರೆ ಅವಳಿಗೆ ಪ್ರಾಣ. ಇದು ನೆನಪಿರಲಿ.

ನಾವು ಜೇನು ಸಾಕುವವರೆಲ್ಲ ಒಟ್ಟಿಗೆ ಸೇರಿದ್ದು ಒಂದು ಕೊಲೆಗಡುಕ ಮಧ್ಯಾಹ್ನ. ಅಷ್ಟರಲ್ಲಿ ನನಗೂ ಅವಳ ಹುಚ್ಚು ಹತ್ತಿ ಎರಡು ಪೆಟ್ಟಿಗೆ ಇಟ್ಟಿದ್ದೆ, ಆ ದಿನ ಅವಳ ಹಿತ್ತಲಲ್ಲೇ ಇದ್ದೆ. ಬೇಸಿಗೆ ಬಿದ್ದು ಹೂವೆಲ್ಲ ಒಣಗಿತ್ತು. ಸಾಣೆಯಕ್ಕ ಜೇನು ತೆಗೆದ ಮೇಲೆ ಒದ್ದೆ ಎರಿಗಳನ್ನು ಹಿತ್ತಲ ಕಟ್ಟೆಯ ಮೇಲಿಟ್ಟಳು, ಉಳಿದದ್ದನ್ನು ತನ್ನ ಹುಳಗಳೇ ನೆಕ್ಕಿಕೊಳ್ಳಲಿ ಎಂದು. ಆಗ ಎಲ್ಲರೂ ಹಾಗೇ ಮಾಡುತ್ತಿದ್ದರು. ಹಸಿದ ಕಾಲದಲ್ಲಿ ಅದರಷ್ಟು ದೊಡ್ಡ ದಡ್ಡತನ ಇನ್ನೊಂದಿಲ್ಲ. ವಾಸನೆ ಹಿಡಿದು ಸುತ್ತಲಿನ ಬೀದಿಗಳ ಹುಳವೆಲ್ಲ ಬಂದವು. ಎರಿ ನೆಕ್ಕಿ ಮುಗಿಯಿತು, ಹಸಿವು ಮುಗಿಯಲಿಲ್ಲ. ತಿರುಗಿ ಅವಳ ಪೆಟ್ಟಿಗೆಗಳ ಮೇಲೆ ಬಿದ್ದವು.

ಜೇನುಹುಳ ಹೂವಿನ ಮೇಲೆ ಕೂತಾಗ ಮಾತ್ರ ಸಾಧು. ಪೆಟ್ಟಿಗೆಯ ಬಾಗಿಲಲ್ಲಿ ಒಂದೊಂದನ್ನು ಮೂರು ಮೂರು ಹಿಡಿದು ರೆಕ್ಕೆ ಕಚ್ಚಿ ಎಳೆದು, ಹೊಟ್ಟೆಯ ಮಡಿಕೆಗೆ ಮುಳ್ಳು ಚುಚ್ಚಿ ಉರುಳಿಸುತ್ತಿದ್ದವು. ನೆಲದ ತುಂಬ ಹೆಣ, ಕಾಲಿಟ್ಟರೆ ಚರಚರ ಎನ್ನುತ್ತಿತ್ತು. ಹುಚ್ಚೆದ್ದ ಹುಳಗಳು ಪಕ್ಕದ ಮನೆಯ ನಾಯಿಯನ್ನು ಮುತ್ತಿಕೊಂಡವು. ಸರಪಳಿಯಲ್ಲಿ ಕಟ್ಟಿದ ನಾಯಿ ಅದು, ಓಡಲಾಗಲಿಲ್ಲ. ಹಾಗೆಯೇ ಸತ್ತಿತು. ಅದರ ಯಜಮಾನ ಕೊಡಲಿ ಹಿಡಿದು ಬೇಲಿ ಹಾರಿ ಬಂದು ಪೆಟ್ಟಿಗೆಗೆ ಗುರಿಯಿಟ್ಟ. ಸಾಣೆಯಕ್ಕ ಹುಳಗಳನ್ನು ತಣ್ಣಗಾಗಿಸಲು ಕೈಯಲ್ಲಿ ಹಿಡಿದಿದ್ದ ಹೊಗೆಡಬ್ಬಿಯನ್ನು, ಕಾದು ಕೆಂಪಾದದ್ದನ್ನು, ಅವನ ಮುಂಗೈಗೆ ಒತ್ತಿದಳು. ಕೊಡಲಿ ಬಿತ್ತು, ಚರ್ಮ ಡಬ್ಬಿಗೆ ಅಂಟಿ ಬಂತು.

ಅದೇ ಹೊತ್ತಿಗೆ ಬೇರೆ ಬೇರೆ ಓಣಿಗಳಿಂದ ನಾಲ್ಕೈದು ಜನ ದೊಣ್ಣೆ ಹಿಡಿದು ಓಡಿಬಂದರು. ಎಲ್ಲರೂ ತಂತಮ್ಮ ಹುಳಗಳ ಬೆನ್ನು ಹತ್ತಿ ಬಂದವರು. "ನನ್ನ ಹುಳ ಕೊಲ್ತಿರೋದು ಯಾರು?" ಎಂದು ಎಲ್ಲರದೂ ಒಂದೇ ಕೂಗು. ಇಷ್ಟು ಹತ್ತಿರದಲ್ಲಿ ಇಷ್ಟು ಜನ ಜೇನು ಸಾಕುತ್ತಿದ್ದಾರೆಂದು ಒಬ್ಬರಿಗೊಬ್ಬರಿಗೆ ಗೊತ್ತಾದದ್ದೇ ಆಗ. ದೊಣ್ಣೆ ಇನ್ನೇನು ತಲೆಗಳ ಮೇಲೆ ಬೀಳಬೇಕು, ಸಾಣೆಯಕ್ಕ ಅರಚಿದಳು.

"ಬಡಿದಾಡೋದು ಆಮೇಲೆ ಇಟ್ಕೊಳ್ಳಿ! ಮೊದ್ಲು ಬೆಡ್‌ಶೀಟ್ ಒದ್ದೆ ಮಾಡಿ ಪೆಟ್ಟಿಗೆಗೆ ಹೊದಿಸಿ!"

ಹೊದಿಸಿದೆವು. ಬಾಗಿಲುಗಳಿಗೆ ಹುಲ್ಲು ತುರುಕಿ ಒಂದು ಹುಳ ಹೋಗುವಷ್ಟು ಕಿಂಡಿ ಬಿಟ್ಟೆವು. ಸಂಜೆಯಾಗುವಾಗ ಗಲಾಟೆ ಇಳಿಯಿತು. ಊದಿದ ಮುಖಗಳನ್ನು ನೋಡಿಕೊಂಡು ಯಾರೋ ಮೊದಲು ನಕ್ಕರು. ಆಮೇಲೆ ಬಡಿದಾಡುವುದು ಮರೆತೇ ಹೋಯಿತು. ನಾಯಿಗೆ ಗುಂಡಿ ತೋಡಿದ್ದು ಸಾಣೆಯಕ್ಕ. ಅದರ ಯಜಮಾನ ಮಾತ್ರ ಅವಳನ್ನು ಕೊನೆಯವರೆಗೂ ಕ್ಷಮಿಸಲಿಲ್ಲ, ಅದು ತಪ್ಪೆಂದು ನಾನೂ ಹೇಳಲಾರೆ.

ಅಲ್ಲಿಂದ ತಿಂಗಳಿಗೊಂದು ಭಾನುವಾರ ಸೇರುವುದು ರೂಢಿಯಾಯಿತು. ಐಸ್ ಫ್ಯಾಕ್ಟರಿಯ ಹಿಂದಿನ ಶೆಡ್ಡು ನಮ್ಮ ಜಾಗ. ತುಕ್ಕು ಹಿಡಿದ ಐಸ್ ಡಬ್ಬಗಳ ರಾಶಿ, ಸದಾ ಒದ್ದೆ ನೆಲ, ಪಕ್ಕದಲ್ಲೇ ಗುಡುಗುವ ಯಂತ್ರ. ಕಿರುಚದೆ ಮಾತು ಕೇಳಿಸುತ್ತಿರಲಿಲ್ಲ. ಹಾಗಾಗಿ ನಾವು ಒಬ್ಬರಿಗೊಬ್ಬರು ಬುದ್ಧಿ ಹೇಳಿದ್ದೂ ಹೊರಗಿನವರಿಗೆ ಜಗಳದಂತೆಯೇ ಕೇಳಿಸುತ್ತಿತ್ತು.

ಪ್ರತಿ ಸಲ ಒಬ್ಬರ ಮನೆಗೆ ಹೋಗಿ ಪೆಟ್ಟಿಗೆ ತೆರೆದು ನೋಡುವುದು. ಮುಚ್ಚಳ ತೆರೆದಿರುವಷ್ಟು ಹೊತ್ತು ಉಳಿದವರು ತಪ್ಪು ಹುಡುಕಿ ಬಾಯಿಗೆ ಬಂದಂತೆ ಬೈಯಬಹುದು, ಪೆಟ್ಟಿಗೆಯವರು ತಿರುಗಿ ಮಾತಾಡುವ ಹಾಗಿಲ್ಲ. ಮುಚ್ಚಳ ಮುಚ್ಚಿದ ಮೇಲೆ ಬೈದವರೂ ಸುಮ್ಮನಾಗಬೇಕು. ಇದು ಸಾಣೆಯಕ್ಕನ ಕಾನೂನು. ರಾಣಿ ಇಲ್ಲದ ಪೆಟ್ಟಿಗೆ ಹೇಗೆ ನರಳುತ್ತದೆ, ಮರಿಗಳ ರಕ್ತ ಹೀರುವ ಉಣ್ಣೆ ಎಲ್ಲಿ ಅಡಗುತ್ತದೆ, ಎಲ್ಲವನ್ನೂ ನಾನು ಬೈಸಿಕೊಂಡೇ ಕಲಿತದ್ದು. ಹೂಬಿಟ್ಟ ಮರಗಳಿಗೆ ನಡುಹಗಲಲ್ಲಿ ವಿಷ ಹೊಡೆಸಿದ ತೋಟದವನೊಬ್ಬನಿದ್ದ. ಅವನು ಊಟಕ್ಕೆ ಕೂತಾಗ ಸಾಣೆಯಕ್ಕ ಒಂದು ಚೀಲ ಸತ್ತ ಹುಳಗಳನ್ನು ತಂದು ತಟ್ಟೆಗೆ ಸುರಿದಳು. ಅವನ ಆಳುಗಳು ಅವಳನ್ನು ಎಳೆದು ಗೇಟಿನಾಚೆ ಎಸೆದರು, ಮಂಡಿ ಒಡೆಯಿತು. ಆದರೆ ಮುಂದಿನ ವರ್ಷದಿಂದ ವಿಷ ಹೊಡೆಯುವ ಮುಂಚೆ ಅವನಿಂದ ನಮಗೆ ಫೋನ್ ಬರುತ್ತಿತ್ತು.

ಇನ್ನೊಂದು ಕಾನೂನೂ ಅವಳದೇ, ತಲೆಗೊಂದು ಚೌಕಟ್ಟು. ಹೊಸಬರು ಯಾರಾದರೂ ಸೇರಿದರೆ, ಇದ್ದವರ ಪೆಟ್ಟಿಗೆ ಸೊರಗಿದರೆ, ಎಲ್ಲರೂ ಮರಿಗಳು ತುಂಬಿದ ಒಂದೊಂದು ಚೌಕಟ್ಟನ್ನು ಹುಳಗಳ ಸಮೇತ ತಂದುಕೊಡಬೇಕು. ಬೇರೆ ಬೇರೆ ಮನೆಯ ಹುಳಗಳು ಕಚ್ಚಾಡದಂತೆ ಅವಳು ಎಲ್ಲದರ ಮೇಲೂ ಸಕ್ಕರೆ ನೀರು ಎರಚುತ್ತಿದ್ದಳು. ಒಂದನ್ನೊಂದು ನೆಕ್ಕುತ್ತ ಅವು ಜಗಳ ಮರೆಯುತ್ತಿದ್ದವು. "ನಿಮ್ಮ ಮೇಲೂ ಒಂದು ಬಕೆಟ್ ಸುರೀಬೇಕು" ಎಂದು ನಮಗೆ ಹೇಳುತ್ತಿದ್ದಳು. ಅವಳ ತಮ್ಮ ಯಾವಾಗಲೂ ಎಲ್ಲರಿಗಿಂತ ಮೊದಲು, ಎಲ್ಲರದಕ್ಕಿಂತ ತುಂಬಿದ ಚೌಕಟ್ಟು ಕೊಡುತ್ತಿದ್ದ. ಅವಳ ಮುಖ ಆಗ ನೋಡಬೇಕಿತ್ತು.

ಆಸ್ಪತ್ರೆಯ ನರ್ಸಮ್ಮ ಸೇರಿದ್ದು ಆ ಮೇಲೆ. ತಾರಸಿಯ ಮೇಲೆ ನೀರಿನ ಟ್ಯಾಂಕಿನ ನೆರಳಲ್ಲಿ ಅವರ ಪೆಟ್ಟಿಗೆ. ಪದ್ಧತಿಯಂತೆ ಎಲ್ಲರೂ ಚೌಕಟ್ಟು ಕೊಟ್ಟೆವು. ಮೂರು ತಿಂಗಳಿಗೆ ಹುಳ ಅರ್ಧವಾಯಿತು. ಸಭೆ ತಾರಸಿಗೆ ಹೋಯಿತು, ನಾನೇ ಮುಚ್ಚಳ ಎತ್ತಿದೆ. ಎತ್ತಿದ ಕೂಡಲೇ ನನ್ನ ಅಂಗಡಿಯ ವಾಸನೆ ಬಂತು. ಚರ್ಮ, ಮೂಳೆ ಕುದಿಸಿ ಮಾಡಿದ ಹಳೆಯ ಅಂಟು ಪಾತ್ರೆಯಲ್ಲಿ ಕೆಟ್ಟರೆ ಬರುವ ಆ ವಾಸನೆ.

"ನಿನ್ನ ಕೈ ತೊಳೆದಿಲ್ವೇನೋ?" ಎಂದಳು ಸಾಣೆಯಕ್ಕ. ಆಮೇಲೆ ಬಗ್ಗಿ ನೋಡಿದಳು. ಮರಿಗಳ ಕೋಣೆಯ ಮೇಣದ ಮುಚ್ಚಳಗಳು ಒಳಕ್ಕೆ ಕುಸಿದು ತೂತಾಗಿದ್ದವು. ಬೆಂಕಿಕಡ್ಡಿಯೊಂದನ್ನು ತೂರಿಸಿ ಮೆಲ್ಲಗೆ ಎಳೆದಳು. ಮರಿ ಇರಬೇಕಾದಲ್ಲಿ ಕಂದು ಬಣ್ಣದ ಲೋಳೆ, ಕಡ್ಡಿಯ ಜೊತೆ ದಾರದಂತೆ ಎಳೆದುಕೊಂಡು ಬಂತು.

"ಯಾರೂ ಏನೂ ಮುಟ್ಬೇಡಿ" ಎಂದಳು. ಕಡ್ಡಿಯನ್ನು ಅಲ್ಲೇ ಸುಟ್ಟಳು.

ಅದು ಮರಿ ಕೊಳೆಸುವ ರೋಗ. ಮನುಷ್ಯರಿಗೆ ಏನೂ ಮಾಡುವುದಿಲ್ಲ, ಜೇನಿಗೆ ಮಾತ್ರ ಯಮ. ಅದರ ಬೀಜ ಮರದಲ್ಲಿ, ಮೇಣದಲ್ಲಿ, ಜೇನಿನಲ್ಲಿ ವರ್ಷಗಟ್ಟಲೆ ಸಾಯದೆ ಕೂತಿರುತ್ತದೆ. ಬೆಂಕಿಯೊಂದೇ ದಾರಿ. ಆ ವಾರವೆಲ್ಲ ಮನೆಮನೆಗೆ ಹೋಗಿ ಕಡ್ಡಿ ತೂರಿಸಿದೆವು. ಯಾರ್ಯಾರು ಚೌಕಟ್ಟು ತೆಗೆದುಕೊಂಡಿದ್ದರೋ ಅವರೆಲ್ಲರಲ್ಲೂ ದಾರ ಎಳೆಯಿತು. ನನ್ನ ಎರಡೂ ಪೆಟ್ಟಿಗೆ. ಸಾಣೆಯಕ್ಕನ ನಾಲ್ಕೂ. ತಮ್ಮನ ನಲವತ್ತು ಪೆಟ್ಟಿಗೆಗಳು ಮಾತ್ರ ಮಿರಿಮಿರಿ ಮಿಂಚುತ್ತಿದ್ದವು. ಒಬ್ಬನಾದರೂ ಉಳಿದನಲ್ಲ ಎಂದು ನಾವು ಖುಷಿಪಟ್ಟೆವು. ಎಂಥ ಬೆಪ್ಪುಗಳು ನಾವು!

ಮೊದಲು ಸುಟ್ಟದ್ದು ಸಾಣೆಯಕ್ಕ ತನ್ನದನ್ನೇ. ಹೊತ್ತು ಮುಳುಗಿ ಹುಳಗಳೆಲ್ಲ ಗೂಡು ಸೇರಿದ ಮೇಲೆ ಬಾಗಿಲಿಗೆ ಬಟ್ಟೆ ತುರುಕಿ, ಮುಚ್ಚಳದ ಸಂದಿಯಿಂದ ಪೆಟ್ರೋಲ್ ಸುರಿದಳು. ಒಳಗಿನ ಮೊರೆತ ಒಮ್ಮೆಲೇ ಏರಿತು, ಮರದ ಗೋಡೆ ಅದುರಿತು, ಆಮೇಲೆ ಪೂರ್ತಿ ನಿಂತಿತು. ನಾನು ತೋಡಿದ ಗುಂಡಿಗೆ ಇಳಿಸಿ ಕಡ್ಡಿ ಗೀರಿದೆವು, ಮೇಣ ಹತ್ತಿಕೊಂಡಾಗ ಬೆಂಕಿ ನಮ್ಮೆಲ್ಲರ ಹುಬ್ಬು ಸುಟ್ಟಿತು. ನಾನು ಗೊಳೋ ಎಂದು ಅತ್ತೆ, ನಾಚಿಕೆಯೇನಿಲ್ಲ. ಅವಳು ಅಳಲಿಲ್ಲ. ಗುಂಡಿ ಆಳ ಸಾಲದು ಎಂದು ನನ್ನನ್ನೇ ಬೈದಳು.

ಎಲ್ಲರದೂ ಸುಟ್ಟಾದ ಮೇಲೆ ಒಂದು ದಿನ ನರ್ಸಮ್ಮ ಆರೋಗ್ಯವಂತ ಪೆಟ್ಟಿಗೆ ಹೇಗಿರುತ್ತದೆ ನೋಡಿ ಕಲಿಯೋಣ ಎಂದು, ಮುಂಚೆ ಹೇಳದೆ, ಸಾಣೆಯಕ್ಕನ ತಮ್ಮನ ಅಂಗಳಕ್ಕೆ ಹೋಗಿದ್ದರು. ಅವನು ನೀರು ತರಲು ಒಳಗೆ ಹೋದಾಗ ಒಂದು ಮುಚ್ಚಳ ಎತ್ತಿ ಇಣುಕಿದರು. ಚೌಕಟ್ಟುಗಳ ಮೇಲೆ ಸಕ್ಕರೆಯಲ್ಲಿ ಕಲಸಿದ ಹಳದಿ ಪುಡಿ. ಕೇಳಿದರೆ "ಇರುವೆ ಪುಡಿ" ಎಂದನಂತೆ. ಬೆರಳಿಗೆ ಹತ್ತಿದ್ದನ್ನು ನಾಲಿಗೆಗೆ ಇಟ್ಟು ನೋಡಿದ ಅವರು, ಅವನು ಬಾರದ ಮುಂದಿನ ಸಭೆಯಲ್ಲಿ ಹೇಳಿಬಿಟ್ಟರು.

"ಅದು ಇರುವೆ ಪುಡಿ ಅಲ್ಲ. ನಾನು ದಿನಾ ರೋಗಿಗಳಿಗೆ ಕೊಡೋ ಆಂಟಿಬಯೋಟಿಕ್ ಕ್ಯಾಪ್ಸೂಲಿನ ಪುಡಿ. ಅದು ಜೇನಿನ ಈ ರೋಗ ಕಳೆಯಲ್ಲ, ಅದುಮಿ ಇಡುತ್ತೆ ಅಷ್ಟೇ. ಅಲ್ಲಿ ಪುಡಿ ಇದೆ, ರೋಗ ಮಲಗಿದೆ. ಅವನ ಚೌಕಟ್ಟಿನ ಜೊತೆ ನಮ್ಮಲ್ಲಿಗೆ ಬಂತು, ನಮ್ಮಲ್ಲಿ ಪುಡಿ ಇಲ್ಲ, ಎದ್ದು ಕೂತಿತು."

ಎಲ್ಲರೂ ನೋಡಿದ್ದು ಸಾಣೆಯಕ್ಕನನ್ನು. ಸುಟ್ಟರೆ ತಮ್ಮ ಹೋಗುತ್ತಾನೆ. ಸುಡದೆ ಬಿಟ್ಟರೆ ಆ ಅಂಗಳದಿಂದ ಸುತ್ತಲಿನ ಜೇನೆಲ್ಲ ಹೋಗುತ್ತದೆ, ನಾವು ಕಟ್ಟಿಕೊಂಡ ಸಭೆಯೂ ಹೋಗುತ್ತದೆ. ಅವಳಿಗೆ ಅವನನ್ನು ಬಿಟ್ಟರೆ ಇನ್ನೊಬ್ಬರು ಇರಲಿಲ್ಲ. ಅವಳು ಎದ್ದು ನಿಂತು, "ನಾಳೆ ಬೆಳಗಿನ ಜಾವ ಬನ್ನಿ, ಹುಳ ಏಳೋ ಮುಂಚೆ" ಎಂದಳು.

ಅವನಿಗೆ ಹೇಗೋ ಸುದ್ದಿ ಮುಟ್ಟಿತ್ತು. ಬೆಳಕು ಹರಿಯುವ ಹೊತ್ತಿಗೆ ನಾವು ಹೋದಾಗ ಕಬ್ಬಿಣದ ಹಾರೆ ಹಿಡಿದು ಪೆಟ್ಟಿಗೆಗಳ ಮುಂದೆ ನಿಂತಿದ್ದ.

"ಅಕ್ಕಾ, ಬಂದ ದಾರೀಲಿ ವಾಪಸ್ ಹೋಗು."

"ಯಾವಾಗಿಂದ ಪುಡಿ ಹಾಕ್ತಿದ್ದೀಯ?"

"ಎರಡು ವರ್ಷ ಆಯ್ತು. ನೀವು ಬರೋ ಹಿಂದಿನ ದಿನ ಒರೆಸಿಡ್ತಿದ್ದೆ. ಏನೀಗ? ನನ್ನದು ಒಂದೂ ಸತ್ತಿಲ್ಲ."

"ರೋಗ ಇದೆ ಅಂತ ಗೊತ್ತಿದ್ದೂ ಚೌಕಟ್ಟು ಕೊಟ್ಯಾ?"

"ಕೊಡದಿದ್ರೆ ಯಾಕೆ ಕೊಡ್ಲಿಲ್ಲ ಅಂತ ಕೇಳ್ತಿದ್ರಿ. ಹೇಳದೆ ಬಂದು ಮುಚ್ಚಳ ತೆಗೀತಿದ್ರಿ. ತಲೆಗೊಂದು ಅಂತ ಕಾನೂನು ಮಾಡಿದ್ದು ಯಾರು? ನೀನೇ ತಾನೆ?"

ಆ ಮಾತು ಹಾರೆಗಿಂತ ಮೊದಲು ಬಿತ್ತು. ಅವಳು ಅವನನ್ನು ದಾಟಿ ಮೊದಲ ಪೆಟ್ಟಿಗೆಯ ಬಾಗಿಲಿಗೆ ಕೈ ಚಾಚಿದಳು. ಅವನು ಹಾರೆ ಬೀಸಿದ. ಬಲಗೈ ಮಣಿಕಟ್ಟಿಗೆ ಬಿತ್ತು. ಮೂಳೆ ಮುರಿದ ಸದ್ದು ಬಡಗಿಯಾದ ನನಗೆ ಒಣಗಿದ ಮರದ ರೀಪು ಮುರಿದಂತೆ ಕೇಳಿಸಿತು.

ಆಮೇಲೆ ನಾವು ಅವನ ಮೇಲೆ ಬಿದ್ದೆವು. ನಾನು ಎದೆಯ ಮೇಲೆ ಕೂತು ಮುಖಕ್ಕೆ ಗುದ್ದಿದೆ, ಹಲ್ಲು ಮುರಿದು ನನ್ನ ಬೆರಳಿಗೇ ನೆಟ್ಟಿತು. ಇವತ್ತಿಗೂ ನನಗೆ ಅದರ ಬಗ್ಗೆ ಬೇಸರವಿಲ್ಲ. ಹೊಯ್ದಾಟದಲ್ಲಿ ಒಂದು ಪೆಟ್ಟಿಗೆ ಉರುಳಿ ಬಾಯಿ ಬಿಟ್ಟುಕೊಂಡಿತು. ಹುಳಗಳು ಭುಗಿಲೆದ್ದವು. ನಮಗೆ ಮುಖದ ಬಲೆ ಇತ್ತು, ಅವನಿಗಿರಲಿಲ್ಲ. ಕಣ್ಣು, ಕಿವಿ, ರಕ್ತ ಸುರಿಯುವ ಬಾಯಿ, ಎಲ್ಲಕ್ಕೂ ಮುತ್ತಿಕೊಂಡವು. ಅವನು ಹಂದಿಯಂತೆ ಕಿರುಚಿದ.

"ಬಿಡ್ರೋ ಅವನನ್ನ!" ಸಾಣೆಯಕ್ಕ ನನ್ನ ಬೆನ್ನಿಗೆ ಒದ್ದಳು. ತನ್ನ ಬಲೆಯನ್ನು ಎಡಗೈಯಲ್ಲಿ ಕಿತ್ತು ಅವನ ತಲೆಗೆ ತೊಡಿಸಿದಳು. "ಬಿಸಿಲು ಬಿದ್ರೆ ಎಲ್ಲ ಹೊರಗೆ ಹಾರ್ತವೆ. ಮೊದ್ಲು ಬಾಗಿಲು ಮುಚ್ಚಿ, ಬಾಗಿಲು!"

ಮುಚ್ಚಿದೆವು. ಬರಿ ಮುಖದಲ್ಲಿ ಕಚ್ಚಿಸಿಕೊಳ್ಳುತ್ತ, ಮುರಿದ ಕೈಯನ್ನು ಹೊಟ್ಟೆಗೆ ಒತ್ತಿಕೊಂಡು ಅವಳೂ ಎಡಗೈಯಲ್ಲಿ ಹುಲ್ಲು ತುರುಕುತ್ತಿದ್ದಳು. ನಲವತ್ತೂ ಸುಟ್ಟೆವು. ಮಧ್ಯಾಹ್ನದವರೆಗೂ ಉರಿಯಿತು. ಅವನು ಅಕ್ಕನ ಬಲೆ ತೊಟ್ಟುಕೊಂಡೇ ಮೆಟ್ಟಿಲ ಮೇಲೆ ಕೂತು ನೋಡಿದ. ನಾವು ಹೊರಡುವಾಗ, "ಇವತ್ತಿಂದ ನನಗೆ ಅಕ್ಕ ಇಲ್ಲ" ಎಂದ. ನರ್ಸಮ್ಮ ಅವಳ ಕೈಗೆ ಪಟ್ಟಿ ಕಟ್ಟುತ್ತಿದ್ದರು. ಕೇಳಿಸಿತೋ ಇಲ್ಲವೋ, ಅವಳು ತಿರುಗಿ ನೋಡಲಿಲ್ಲ.

ಮಣಿಕಟ್ಟು ಸೊಟ್ಟಗೆ ಕೂಡಿಕೊಂಡಿತು. ಕತ್ತಿಯನ್ನು ಚಕ್ರಕ್ಕೆ ಒತ್ತುವ ಬಲ ಮತ್ತೆ ಬರಲಿಲ್ಲ. ಎಡಗೈಯಲ್ಲಿ ಹಿಡಿದ ಸಾಣೆ ಓರೆಯಾಗುತ್ತಿತ್ತು, ಕಟುಕರು ಒಬ್ಬೊಬ್ಬರೇ ಬೇರೆಯವರನ್ನು ನೋಡಿಕೊಂಡರು. ಪೊಲೀಸರಿಗೆ ಹೇಳೋಣ ಎಂದದ್ದಕ್ಕೆ, "ಚಕ್ರಕ್ಕೆ ಸಿಕ್ಕಿ ಮುರೀತು ಅಂತೀನಿ, ಏನ್ ಮಾಡ್ತೀಯ?" ಎಂದು ನನ್ನ ಮೇಲೇ ಹರಿಹಾಯ್ದಳು.

ಸಭೆ ನಿಲ್ಲಲಿಲ್ಲ. ಕಾನೂನು ಬದಲಾಯಿತು. ಚೌಕಟ್ಟು ಕೊಡುವುದು ಬಂದ್. ಒಬ್ಬರ ಸಲಕರಣೆ ಇನ್ನೊಬ್ಬರ ಪೆಟ್ಟಿಗೆಗೆ ಬೆಂಕಿ ಕಾಣದೆ ಹೋಗುವ ಹಾಗಿಲ್ಲ. ಇನ್ನು ಮೇಲೆ ಎಲ್ಲಾದರೂ ಗೂಡು ಬಿಟ್ಟು ಬಂದ ಹಿಂಡು ಸಿಕ್ಕರೆ ಹಿಡಿದು, ಹೊಟ್ಟೆಯಲ್ಲಿರುವ ಹಳೆಯ ಜೇನು ಕರಗುವವರೆಗೆ ಉಪವಾಸವಿಟ್ಟು, ಹೊಸ ಮರದ ಪೆಟ್ಟಿಗೆಗೆ ತುಂಬುವುದು. ಮೊದಲ ಹಿಂಡು ಹೆಚ್ಚು ಕಳೆದುಕೊಂಡವರಿಗೆ. ಇದಕ್ಕೆ ಎಲ್ಲರೂ ತಲೆಯಾಡಿಸಿದೆವು, ಅದರ ಅರ್ಥವೇನೆಂದು ಯಾರೂ ಯೋಚಿಸಲಿಲ್ಲ.

ಮರುವರ್ಷ ಐಸ್ ಫ್ಯಾಕ್ಟರಿಯ ಗೋಡೆಗೇ ಒಂದು ಹಿಂಡು ಬಂದು ಕೂತಿತು. ಹಿಡಿದು ತುಂಬಿದ ಹೊಸ ಪೆಟ್ಟಿಗೆ ನನ್ನದು. ಯಾರಿಗೆ ಎಂದು ಸಾಣೆಯಕ್ಕನನ್ನು ಕೇಳಿದೆ. "ನಲವತ್ತು ಕಳ್ಕೊಂಡೋನಿಗೆ" ಎಂದಳು.

ಶೆಡ್ಡಿನಲ್ಲಿ ಯಂತ್ರದ ಸದ್ದೂ ಕೇಳಿಸದಷ್ಟು ಗಲಾಟೆಯೆದ್ದಿತು. "ಅವನಿಗಾದ್ರೆ ನನ್ನ ಪೆಟ್ಟಿಗೆ ಮುಟ್ಬೇಡ" ಎಂದೆ ನಾನು.

"ಕೊಟ್ಟಾದ್ಮೇಲೆ ನಿನ್ನದು ಹೇಗಾಗುತ್ತೋ? ಕೇಳಿ ಎಲ್ರೂ. ಅವನು ಹುಳ ಇಲ್ದೆ ಇರೋ ಆಸಾಮಿ ಅಲ್ಲ. ನಾವು ಕೊಡದಿದ್ರೆ ಎಲ್ಲಿಂದಾದ್ರೂ ಹಳೇ ಪೆಟ್ಟಿಗೆ ತಂದು ಮತ್ತೆ ಪುಡಿ ಹಾಕ್ತಾನೆ. ನಮ್ಮ ಕಣ್ಣೆದುರಿಗೆ ಇರ್ಲಿ." ಆಮೇಲೆ ನನ್ನ ಕಡೆ ತಿರುಗಿ, "ನನಗೂ ಅವನನ್ನ ನೋಡ್ಬೇಕು ಅನಿಸಿದೆ, ಸಾಕಾ?" ಎಂದಳು.

ಅವಳಿಗೆ ಒಂದೇ ಕೈ ನೆಟ್ಟಗಿದ್ದುದರಿಂದ ಪೆಟ್ಟಿಗೆಯ ಇನ್ನೊಂದು ತುದಿ ಹಿಡಿಯಲು ನಾನೇ ಹೋಗಬೇಕಾಯಿತು. ಹೋದೆ, ಮುಖ ಗಂಟು ಹಾಕಿಕೊಂಡೇ ಹೋದೆ. ಗೇಟಿಗೆ ಬಂದ ತಮ್ಮ ಸೊರಗಿದ್ದ. ಮುಂದಿನ ಹಲ್ಲೊಂದು ಇರಲಿಲ್ಲ, ಅದು ನನ್ನ ಲೆಕ್ಕ. ಪೆಟ್ಟಿಗೆ ನೋಡಿದ, ಅವಳ ಸೊಟ್ಟ ಮಣಿಕಟ್ಟು ನೋಡಿದ.

"ಕೈ ಹೇಗಿದೆ ಅಕ್ಕ?"

ಅವಳು ತನ್ನ ಕಡೆಯ ತುದಿಯನ್ನು ನೆಲಕ್ಕಿಳಿಸಿ, ಎಡಗೈಯಿಂದ ಅವನ ಕೆನ್ನೆಗೆ ಬಾರಿಸಿದಳು. ಅವನ ತಲೆ ಗೇಟಿಗೆ ಹೊಡೆದು ಗೇಟು ಗಣಗಣ ಎಂದಿತು.

"ಈ ಕೈ ಚೆನ್ನಾಗಿದೆ. ಆ ಕೈ ಇಲ್ಲ" ಎಂದಳು. "ಹಿಡ್ಕೋ ಈ ಕಡೆ. ಭಾರ ಇದೆ."

ಹಿಡಿದುಕೊಂಡ. ಸುಟ್ಟ ನೆಲ ಇನ್ನೂ ಕಪ್ಪಗಿದ್ದ ಅಂಗಳದ ಮೂಲೆಯಲ್ಲಿ ಪೆಟ್ಟಿಗೆ ಇಟ್ಟೆವು. ಅವಳು ಹೊಗೆ ಊದಿ ಮುಚ್ಚಳ ತೆಗೆದು ಪಕ್ಕಕ್ಕಿಟ್ಟಳು, ಆಮೇಲೆ ಬೈಯಲು ಶುರುಮಾಡಿದಳು. ಹಾಲುಹಲ್ಲಿನ ಕಾಲದಿಂದ ಹಿಡಿದು ಬೈದಳು, ಬೈಯುತ್ತ ಬೈಯುತ್ತ ಅತ್ತಳು. ಮುಚ್ಚಳದ ಕಾನೂನಿನಂತೆ ಅವನು ಕೈಕಟ್ಟಿ ನಿಂತು ಕೇಳಿಸಿಕೊಂಡ, ತುಟಿ ಪಿಟಕ್ಕೆನ್ನಲಿಲ್ಲ. ಮುಚ್ಚಳ ಕೈಗೆಟುಕುವಲ್ಲೇ ಇತ್ತು. ಸಂಜೆಯವರೆಗೂ ಅವಳು ಅದನ್ನು ಮುಚ್ಚಲಿಲ್ಲ.